ಎಂಟು ವಿಭಾಗ, ಒಂದು ಬೀರು

ನಮ್ಮ ಮಾವನ ಕೈಗೆ ಒಂದು ಹಸು ಕೊಟ್ಟು ನೋಡಿ. ಸಂಜೆಯೊಳಗೆ ಅದರಲ್ಲಿ ನಾಲ್ಕು ವಿಭಾಗ ಮಾಡಿರುತ್ತಾರೆ! ಹಾಲಿನ ವಿಭಾಗ, ಸಗಣಿ ವಿಭಾಗ, ಮೇವಿನ ವಿಭಾಗ, ಕೊಂಬಿನ ವಿಭಾಗ. ಒಂದೊಂದಕ್ಕೂ ಒಬ್ಬ ಮುಖ್ಯಸ್ಥ, ಒಂದು ರಿಜಿಸ್ಟರು, ಒಂದು ರಬ್ಬರ್ ಸ್ಟಾಂಪು. ಕೊಂಬಿನ ವಿಭಾಗಕ್ಕೆ ತಮಗೆ ಆಗದವರನ್ನು ಹಾಕುತ್ತಾರೆ ಅನ್ನೋದನ್ನ ಬೇರೆ ಹೇಳಬೇಕಾಗಿಲ್ಲ. ಹಸುವನ್ನು ಗೂಟಕ್ಕೆ ಕಟ್ಟುವ ಕೆಲಸ ಮಾತ್ರ ಯಾವ ವಿಭಾಗಕ್ಕೂ ಸೇರಿರೋದಿಲ್ಲ. ಹಾಗಾಗಿ ಹಸು ಅಷ್ಟೊತ್ತಿಗೆ ಪಕ್ಕದವರ ರಾಗಿ ಹೊಲದಲ್ಲಿರುತ್ತೆ.

ಮಾವ ಅಂದರೆ ಗಂಡನ ಅಪ್ಪ ಅಂದುಕೊಳ್ಳಬೇಡಿ, ನನ್ನ ಅಮ್ಮನ ಸ್ವಂತ ಅಣ್ಣ. ದೊಡ್ಡಬಳ್ಳಾಪುರದಿಂದ ಸಾಸಲು ಕಡೆ ಹೋಗೋ ದಾರಿಯಲ್ಲಿ ಒಂದು ಸರ್ಕಾರಿ ಹೈಸ್ಕೂಲಿದೆ, ಅಲ್ಲಿ ಗಣಿತದ ಮೇಷ್ಟ್ರು. ನನ್ನ ಗ್ರಹಚಾರ ನೋಡಿ, ನಾನೂ ಅದೇ ಸ್ಕೂಲಿಗೆ ಕನ್ನಡ ಟೀಚರಾಗಿ ವರ್ಗವಾಗಿ ಬಂದೆ. ಮನೆಯಲ್ಲಿ "ಮಾವ", ಸ್ಕೂಲಲ್ಲಿ "ಸಾರ್". ಒಂದು ಸಲ ಸ್ಟಾಫ್ ರೂಮಿನಲ್ಲಿ ಬಾಯಿತಪ್ಪಿ "ಮಾವ, ಸೀಮೆಸುಣ್ಣ ಕೊಡಿ" ಅಂದುಬಿಟ್ಟೆ. ಮಾವ ತಲೆ ಎತ್ತದೆ, "ಟೀಚರ್, ನೆಂಟಸ್ತಿಕೆ ವಿಭಾಗ ಗೇಟಿನಿಂದ ಆಚೆಗಿದೆ" ಅಂದರು. ಸೀಮೆಸುಣ್ಣವನ್ನೂ ಕೊಡಲಿಲ್ಲ.

ಇದು ಇವತ್ತಿನ ಹುಚ್ಚಲ್ಲ. ನನ್ನ ಮದುವೆಯ ಊಟದ ಉಸ್ತುವಾರಿ ಅವರದೇ. ಎಲೆ ವಿಭಾಗ, ಉಪ್ಪಿನ ವಿಭಾಗ, ಹಪ್ಪಳದ ವಿಭಾಗ, ನೀರಿನ ವಿಭಾಗ ಅಂತ ನಮ್ಮ ಕಡೆ ಹುಡುಗರನ್ನೆಲ್ಲ ಹಂಚಿ, ಜೇಬಿಗೆ ಚೀಟಿ ಅಂಟಿಸಿಬಿಟ್ಟಿದ್ದರು. ನನ್ನ ಗಂಡನಿಗೆ ಮೊದಲ ತುತ್ತಿಗೇ ಬಿಕ್ಕಳಿಕೆ ಬಂತು. ಎದುರಿಗೇ ನೀರಿನ ಜಗ್ಗು ಇದೆ, ಜಗ್ಗಿನ ಪಕ್ಕ ನಮ್ಮ ಚಿಕ್ಕಮ್ಮನ ಮಗ ನಿಂತಿದ್ದಾನೆ. "ನೀರು, ನೀರು" ಅಂತ ಮದುಮಗ ಕೈ ಆಡಿಸಿದರೆ, ಅವನು ಜೇಬು ತೋರಿಸಿ, "ಭಾವಾ, ನಂದು ಹಪ್ಪಳ" ಅಂದ! ನೀರಿನ ಮುಖ್ಯಸ್ಥರು ಫೋಟೋ ತೆಗೆಸಿಕೊಳ್ಳೋಕೆ ಹೋಗಿದ್ದರು. ನನ್ನ ಗಂಡ ಈಗಲೂ ನಮ್ಮ ಕಡೆ ಊಟಕ್ಕೆ ಹೋಗುವಾಗ ಬಾಟಲಿಯಲ್ಲಿ ನೀರು ತಗೊಂಡೇ ಹೋಗೋದು.

ಸರಿ, ಮದುವೆ ಒಂದು ದಿನದ ಸಂಕಟ. ಸ್ಕೂಲು ಹಾಗಾ? ಅಲ್ಲಿ ಮಾವನ ನಿಜವಾದ ಸಾಮ್ರಾಜ್ಯ ಇದ್ದದ್ದು. ಸುತ್ತಲಿನ ಐದಾರು ಹಳ್ಳಿಗಳಲ್ಲಿ ಏಳನೇ ಕ್ಲಾಸಿನವರೆಗೆ ಮಾತ್ರ ಸ್ಕೂಲಿದೆ. ಏಳು ಮುಗಿಸಿದ ಮಕ್ಕಳು ಎಂಟನೇ ಕ್ಲಾಸಿಗೆ ನಮ್ಮಲ್ಲಿಗೆ ಬರಬೇಕು. ಬೇರೆ ಸ್ಕೂಲುಗಳಲ್ಲಿ ಮೊದಲ ದಿನ ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಮಕ್ಕಳ ಕೈಗೊಂದು ಗುಲಾಬಿ ಕೊಟ್ಟು, ಮಧ್ಯಾಹ್ನ ಪಾಯಸ ಹಾಕಿ ಮುಗಿಸುತ್ತಾರೆ. ನಮ್ಮಲ್ಲಿ ಹಾಗೆ ಮುಗಿಯುತ್ತಾ? ಹೊಸ ಮಗುವನ್ನು ಎಂಟು ವಿಭಾಗಗಳು ಸ್ವಾಗತಿಸಬೇಕು! ಮಗುವಿನ ಕೈಗೆ ಒಂದು ಹಳದಿ ಚೀಟಿ. ಅದರಲ್ಲಿ ಎಂಟು ಚೌಕ. ಒಂದೊಂದು ವಿಭಾಗಕ್ಕೂ ಹೋಗಬೇಕು, ಅಲ್ಲಿನ ಮುಖ್ಯಸ್ಥರು ತಮ್ಮ ವಿಭಾಗದ ಬಗ್ಗೆ ವಿವರಿಸಬೇಕು, ಚೌಕದಲ್ಲಿ ಸಹಿ ಹಾಕಬೇಕು. ಎಂಟೂ ತುಂಬಿದರೆ ಮಗು ಕ್ಲಾಸಿನೊಳಗೆ.

ಎಂಟು ವಿಭಾಗ ಅಂದಾಗ ನಿಮ್ಮ ಕಣ್ಮುಂದೆ ದೊಡ್ಡ ಕಟ್ಟಡ ಬಂದಿರಬೇಕು. ದಯವಿಟ್ಟು ಕೆಡವಿಬಿಡಿ. ನಮಗೆ ಇರೋದು ಮೂರು ಕ್ಲಾಸ್ ರೂಮು, ಒಂದು ಆಫೀಸು, ಒಂದು ಅಡುಗೆ ಮನೆ, ಒಂದು ಕಬ್ಬಿಣದ ಬೀರು. ಆ ಬೀರುವಿನ ಮೇಲಿನ ಅರೆ ವಿಜ್ಞಾನ ವಿಭಾಗ. ನಡುವಿನ ಅರೆ ಗ್ರಂಥಾಲಯ. ಕೆಳಗಿನ ಅರೆ ಕ್ರೀಡಾ ವಿಭಾಗ. ಮೂರಕ್ಕೂ ಮಾವ ಬೋರ್ಡು ಬರೆಸಿ ಅಂಟಿಸಿದ್ದರು. ವಾಲಿಬಾಲ್ ಬೇಕಾದವರು ಬಗ್ಗಬೇಕು, ವಿಜ್ಞಾನ ಬೇಕಾದವರು ಸ್ಟೂಲು ಹತ್ತಬೇಕು. ಇಲ್ಲೇ ಹತ್ತಿರದ ರಾಜಘಟ್ಟದಲ್ಲಿ ನೆಲ ಅಗೆದವರಿಗೆ ಹಳೇ ಕಾಲದ್ದು ಏನೇನೋ ಸಿಕ್ಕಿತಲ್ಲ, ನಮ್ಮ ಬೀರುವಿಗೂ ಅವರನ್ನು ಒಂದು ಸಲ ಕರೆಸಬೇಕಿತ್ತು.

ಒಂದು ವರ್ಷ ಯಾರೋ ಸಾಹೇಬರು ಇನ್‌ಸ್ಪೆಕ್ಷನ್‌ಗೆ ಬಂದರು. "ಎಂಟು ವಿಭಾಗ ಇದೆಯಂತಲ್ರೀ, ವಿಜ್ಞಾನದ್ದು ತೋರಿಸಿ" ಅಂದರು. ಮಾವ ಎದೆಯುಬ್ಬಿಸಿ ಬೀರು ತೆಗೆದರು. ಮೇಲಿನ ಅರೆಯಲ್ಲಿ ಒಂದು ಸೀಳು ಬಿಟ್ಟ ಬೀಕರು, ಅದರ ಪಕ್ಕದಲ್ಲಿ ಹತ್ತು ಕೇಜಿ ತೊಗರಿಬೇಳೆ. ಇಲಿ ಕಾಟಕ್ಕೆ ನಮ್ಮ ಅಡುಗೆಯ ಗಂಗಮ್ಮ ಬೇಳೆ ಮೂಟೆ ತಂದು ಅಲ್ಲಿಟ್ಟಿದ್ದಳು. "ಇದೇನ್ರೀ ಇದು?" ಅಂತ ಸಾಹೇಬರು ಕೇಳಿದರೆ ಮಾವ ಸ್ವಲ್ಪವೂ ಅಳುಕಲಿಲ್ಲ.

"ಅನ್ನ ವಿಭಾಗದವರು ಒತ್ತುವರಿ ಮಾಡಿದಾರೆ ಸಾರ್. ನೋಟಿಸ್ ಕೊಟ್ಟಿದೀವಿ" ಅಂದರು.

ಸಾಹೇಬರು ನಗಬೇಕೋ ಬೈಯಬೇಕೋ ತಿಳಿಯದೆ ಟೀ ಕುಡಿದು ಹೋದರು.

ವಿಭಾಗದ ಪಟ್ಟಿ ಹೇಳಿಬಿಡ್ತೀನಿ, ಮುಂದಿನದಕ್ಕೆ ಬೇಕಾಗುತ್ತೆ. ಒಂದನೇದು ಗೇಟಿನಲ್ಲಿ ಸ್ವಾಗತ ವಿಭಾಗ, ಮುಖ್ಯಸ್ಥೆ ನಾನು. ಎರಡನೇದು ದಾಖಲಾತಿ, ಹೆಚ್.ಎಂ. ಮೇಡಂ ಟೇಬಲ್ಲು. ಮೂರು, ನಾಲ್ಕು, ಐದು ಆ ಬೀರುವಿನ ಮೂರು ಅರೆ, ಐದನೇದರ ಮುಖ್ಯಸ್ಥರು ಪಿ.ಟಿ. ಮೇಷ್ಟ್ರು. ಆರನೇದು ಅನ್ನ, ಏಳನೇದು ನೀರು ಮತ್ತು ಗಂಟೆ, ಎರಡಕ್ಕೂ ಗಂಗಮ್ಮ. ಎಂಟನೇದು ಶೌಚಾಲಯ ವಿಭಾಗ. ಅದರ ಮುಖ್ಯಸ್ಥರಾಗೋಕೆ ಯಾರೂ ಒಪ್ಪಲಿಲ್ಲ. ಅದನ್ನು ಮಾವನೇ ಇಟ್ಟುಕೊಂಡರು. ಪ್ರತಿ ವರ್ಷವೂ ಅವರೇ. ರಜೆಯಲ್ಲಿ ಹೊರಗಿನವರು ಬಂದು ಗಲೀಜು ಮಾಡ್ತಾರೆ ಅಂತ ಬೀಗ ಹಾಕಿ, ಬೀಗದ ಕೈಯನ್ನು ಕೆಂಪು ದಾರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಿದ್ದರು. ನಾವು ಹಿಂದಿನಿಂದ ನಗುತ್ತಿದ್ದೆವು. ಪಿ.ಟಿ. ಮೇಷ್ಟ್ರಂತೂ, "ಗುರೂ, ಎಲ್ರೂ ದೇವರ ತಾಯತ ಕಟ್ಕೊಂಡ್ರೆ ಸಾರ್ ಕಕ್ಕಸಿನ ತಾಯತ ಕಟ್ಕೊಂಡವ್ರೆ" ಅನ್ನುತ್ತಿದ್ದರು. ನಾನೂ ನಕ್ಕಿದ್ದೀನಿ, ಸುಳ್ಳು ಯಾಕೆ ಹೇಳಲಿ.

ಇಷ್ಟೆಲ್ಲ ಕಟ್ಟಿಕೊಂಡದ್ದು ಯಾಕೆ ಅಂದರೆ ಅವರದ್ದು ಒಂದೇ ಮಾತು. "ಹೊಸ ಮಗು ಮೊದಲನೇ ದಿನ ಸಂಜೆ ಗಂಟೆ ಹೊಡೆಯೋಕೆ ಮುಂಚೆ ಮನೆಗೆ ಹೋಗಕೂಡದು. ಮಧ್ಯದಲ್ಲಿ ಎದ್ದು ಹೋದ ಮಗು ತಿರುಗಿ ಬರಲ್ಲ ಕಣ್ರೀ." ಅವರು ಈ ಸ್ಕೂಲಿಗೆ ಬಂದಮೇಲೆ ಒಂದು ಮಗುವೂ ಹಾಗೆ ಹೋಗಿರಲಿಲ್ಲ. ಅದು ಅವರ ಹೆಮ್ಮೆ. ನೆಂಟರ ಮನೆಗೆ ಹೋದರೂ ಕಾಫಿ ಬರೋದರೊಳಗೆ ಅದನ್ನ ಹೇಳಿ ಮುಗಿಸಿರುತ್ತಿದ್ದರು.

ಈ ವರ್ಷ ಅವರದ್ದು ಕೊನೇ ವರ್ಷ, ನಿವೃತ್ತಿ. ಹೆಚ್.ಎಂ. ಮೇಡಂ ಮೊದಲೇ ಹೇಳಿದರು.

"ಸಾರ್, ಈ ಸಲ ಒಂದು ಪೀರಿಯಡ್ಡಿನಲ್ಲಿ ಮುಗಿಸೋಣ. ಪಾಠ ಶುರು ಮಾಡ್ಬೇಕು."

"ಮೇಡಂ, ಇದೊಂದು ವರ್ಷ ನನಗೆ ಬಿಟ್ಟುಬಿಡಿ. ಒಂದು ಮಗುವನ್ನೂ ಕಳ್ಕೊಳ್ಳದೆ ಮನೆಗೆ ಹೋಗ್ತೀನಿ. ಮುಂದಿನ ವರ್ಷದಿಂದ ನೀವು ಬೀರುವನ್ನ ಗುಜರಿಗೆ ಹಾಕಿದ್ರೂ ನಾನು ಕೇಳಲ್ಲ."

"ಆ ಬೀರುವನ್ನ ಗುಜರಿಯವನೂ ಕೇಳಲ್ಲ ಸಾರ್" ಅಂದರು ಮೇಡಂ. ಆದರೂ ಒಪ್ಪಿಕೊಂಡರು.

ಸ್ಕೂಲು ತೆರೆಯೋ ಹಿಂದಿನ ದಿನ ರಿಹರ್ಸಲ್! ಸುಡು ಬಿಸಿಲಿನಲ್ಲಿ ಪಿ.ಟಿ. ಮೇಷ್ಟ್ರನ್ನು ಹೊಸ ಮಗು ಮಾಡಿ ಗೇಟಿನಿಂದ ಬಿಟ್ಟರು. ಆರಡಿ ಎತ್ತರ, ಗಿರಿಜಾ ಮೀಸೆ, ಕೈಯಲ್ಲಿ ಹಳದಿ ಚೀಟಿ. ಅವರು ಹಲ್ಲು ಕಿರಿಯುತ್ತಾ ಬಂದರೆ ಮಾವ ರೇಗಿದರು. "ಹೊಸ ಮಗು ಹಂಗೆ ನಗಲ್ಲ ರೀ! ಕಾಲ್ಬೆರಳು ನೋಡ್ಕೊಂಡು ಬರುತ್ತೆ. ಏನಾದ್ರೂ ಕೇಳ್ಬೇಕು ಅಂತಿರುತ್ತೆ, ಕೇಳಲ್ಲ. ಮತ್ತೆ ಹೋಗಿ, ಗೇಟಿನಿಂದ ಬನ್ನಿ." ನಾಲ್ಕನೇ ಸಲಕ್ಕೆ ಪಿ.ಟಿ. ಮೇಷ್ಟ್ರಿಗೆ ನಿಜಕ್ಕೂ ಅಳು ಬಂತು. "ಹಾಂ! ಇದು, ಇದು ಸರಿ" ಅಂದರು ಮಾವ. ಕೊನೆಗೆ ಎಲ್ಲರನ್ನೂ ನಿಲ್ಲಿಸಿ ಕಟ್ಟುನಿಟ್ಟು ಮಾಡಿದರು: ಯಾವ ಮಗುವೂ ನಂಬರ್ ಹಾರಿಸಿ ಮುಂದಿನ ವಿಭಾಗಕ್ಕೆ ಹೋಗಬಾರದು. ಹಾರಿಸಿದರೆ ಯಾವುದೋ ಒಂದು ವಿಷಯ ಗೊತ್ತಾಗದೆ ಉಳಿದುಬಿಡುತ್ತೆ.

ಮಾರನೇ ದಿನ ಇಪ್ಪತ್ತೇಳು ಮಕ್ಕಳು ಬಂದರು. ನಾನು ಗೇಟಿನಲ್ಲಿ ಗುಲಾಬಿ ಕೊಟ್ಟು, ನಕ್ಕು, ಸಹಿ ಹಾಕಿ ಕಳಿಸುತ್ತಿದ್ದೆ. ಚಂದನ ಅಂತ ಒಬ್ಬಳು ಹುಡುಗಿ, ಎರಡು ಜಡೆ, ಉದ್ದ ಲಂಗ. ದೂರದ ಹಳ್ಳಿಯಿಂದ ಎರಡು ಬಸ್ಸು ಹಿಡಿದು ಬಂದಿದ್ದಳು. ಗುಲಾಬಿ ತಗೊಂಡು "ಮಿಸ್..." ಅಂದಳು. "ಮುಂದೆ ಹೋಗಮ್ಮ, ಎರಡನೇ ವಿಭಾಗ" ಅಂದೆ. ಹಿಂದೆ ಇನ್ನೂ ಇಪ್ಪತ್ತು ಮಕ್ಕಳಿದ್ದರು.

ಮಧ್ಯಾಹ್ನ ಪಾಯಸಕ್ಕೆ ಕೂರಿಸಿದಾಗ ಮೇಡಂ ತಲೆ ಎಣಿಸಿದರು. ಇಪ್ಪತ್ತಾರು. ಮಾವ ಬಂದು ಎಣಿಸಿದರು. ಇಪ್ಪತ್ತಾರು. ಕ್ಲಾಸ್ ರೂಮುಗಳನ್ನೆಲ್ಲ ನೋಡಿದರು, ಅಡುಗೆ ಮನೆಯ ಹಿಂದೆ ನೋಡಿದರು, ಕೊನೆಗೆ ಬೀರುವಿನ ಬಾಗಿಲು ತೆಗೆದು ಕ್ರೀಡಾ ವಿಭಾಗದೊಳಗೂ ಇಣುಕಿದರು! ಆಗಲೂ ಯಾರಿಗೂ ನಗು ಬರಲಿಲ್ಲ ಅಂದರೆ ಅವರ ಮುಖ ಹೇಗಿತ್ತು ಅಂತ ನೀವೇ ಯೋಚನೆ ಮಾಡಿ.

ಚಂದನಳ ಹಳದಿ ಚೀಟಿ ಗೇಟಿನ ಹತ್ತಿರ ಬಿದ್ದಿತ್ತು. ನಾಲ್ಕು ಸಹಿ ಆಗಿತ್ತು, ಐದನೇದು ಖಾಲಿ.

ಗಂಗಮ್ಮ ಸೌಟು ಹಿಡಿದುಕೊಂಡೇ ಬಂದಳು. "ಆ ಎರಡು ಜಡೆ ಮಗೀನಾ? ನನ್ ತಾವ್ ಬಂದಿತ್ತು ಮೇಷ್ಟ್ರೇ. ಅಕ್ಕಾ, ನಾನು ಮೊದ್ಲು ಎಂಟನೇದಕ್ಕೆ ಹೋಗ್ಲಾ ಅಂತು. ಪಿ.ಟಿ. ಮೇಷ್ಟ್ರು, ಐದನೇದೇ ಆಗಿಲ್ಲ, ಸಾಲಲ್ಲಿ ನಿಂತ್ಕೋ ಅಂದ್ರು. ನಿಂತ್ಕೊಂತು ಪಾಪ. ಒಂದು ಕಾಲ್ ಮೇಲೆ ಒಂದು ಕಾಲ್ ಹಾಕ್ಕೊಂಡು ನಿಂತ್ಕೊಂತು. ಆಮೇಲೆ ನೋಡ್ತೀನಿ, ಇಲ್ಲ."

"ನಾನು ಎಲ್ಲಾ ಮಕ್ಕಳ ಎತ್ತರ, ತೂಕ ತಗೋತಿದ್ದೆ ಸಾರ್" ಅಂದರು ಪಿ.ಟಿ. ಮೇಷ್ಟ್ರು. "ನೀವೇ ಅಲ್ವಾ ನಂಬರ್ ಹಾರಿಸ್ಬಾರ್ದು ಅಂದಿದ್ದು?"

ಮಾವ ಬೆಳಿಗ್ಗೆಯಿಂದ ಬೇವಿನ ಮರದ ಹಿಂದೆ, ಎಂಟನೇ ವಿಭಾಗದ ಬಾಗಿಲಲ್ಲಿ, ಬೀಗದ ಕೈ ಕೊರಳಿಗೆ ಹಾಕಿಕೊಂಡು ಒಬ್ಬರೇ ನಿಂತಿದ್ದರು. ಏಳು ಸಹಿ ಮುಗಿಸಿ ಬರೋ ಮಗುವಿಗಾಗಿ ಕಾಯುತ್ತಾ! ಹುಡುಗಿ ನಿಂತಿದ್ದ ಜಾಗಕ್ಕೂ ಅವರಿಗೂ ನಡುವೆ ಇದ್ದದ್ದು ಒಂದು ಗೋಡೆ ಅಷ್ಟೇ. ಮಾವ ಚೀಟಿ ಮಡಚಿ ಜೇಬಿಗಿಟ್ಟುಕೊಂಡರು. ಪಾಯಸ ಮುಟ್ಟಲಿಲ್ಲ. ಮೇಡಂ ಆ ಹುಡುಗಿಯ ಮನೆಗೆ ಫೋನು ಮಾಡಿದರು. ಮನೆ ಸೇರಿದ್ದಾಳೆ, ಆದರೆ ಇನ್ನು ಆ ಸ್ಕೂಲಿಗೆ ಹೋಗಲ್ಲ ಅಂತ ಕೂತಿದ್ದಾಳೆ ಅಂದರಂತೆ ಅವಳ ಅಮ್ಮ.

ಸಂಜೆ ನಾನು ಮನೆಗೆ ಬಂದು ಐದು ನಿಮಿಷ ಆಗಿರಲಿಲ್ಲ, ಮಾವನ ಟಿ.ವಿ.ಎಸ್. ಬಾಗಿಲಿಗೆ ಬಂದು ನಿಂತಿತು. ನಮ್ಮ ಜೊತೆಗೇ ಇರೋ ಅಮ್ಮ ನಡುಮನೆಯಲ್ಲಿ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ಅಮ್ಮ ಓದಿರೋದು ಏಳನೇ ಕ್ಲಾಸು. ದೊಡ್ಡಬಳ್ಳಾಪುರಕ್ಕೆ ಮದುವೆಯಾಗಿ ಬಂದು ಮಗ್ಗದವರಿಗೆ ನೂಲು ಸುತ್ತಿ ಸುತ್ತಿಯೇ ನನ್ನನ್ನು ಎಂ.ಎ. ಓದಿಸಿದವಳು. "ನೀನ್ಯಾಕಮ್ಮಾ ಹೈಸ್ಕೂಲಿಗೆ ಹೋಗಲಿಲ್ಲ?" ಅಂತ ಚಿಕ್ಕವಳಾಗಿದ್ದಾಗ ಕೇಳಿದರೆ, "ನಂಗೆ ಓದು ತಲೆಗೆ ಹತ್ತಲಿಲ್ಲ ಕಣೇ" ಅನ್ನುತ್ತಿದ್ದಳು. ನಾನು ನಂಬಿದ್ದೆ. ಸಣ್ಣಪುಟ್ಟದ್ದಕ್ಕೆಲ್ಲ "ನಿಂಗೇನು ಗೊತ್ತಾಗುತ್ತಮ್ಮಾ" ಅಂತಾನೂ ಅಂದಿದ್ದೀನಿ.

ಮಾವ ಒಳಗೆ ಬಂದು ಕುರ್ಚಿಯಲ್ಲಿ ಕೂರಲಿಲ್ಲ, ಅಮ್ಮನ ಎದುರಿಗೆ ನೆಲದ ಮೇಲೆ ಕೂತರು.

"ಪುಟ್ಟೀ, ಇವತ್ತು ಒಂದು ಮಗು ಮನೆಗೆ ಹೋಗ್ಬಿಡ್ತು."

"ಯಾತಕ್ಕಂತೆ?"

"ಅದಕ್ಕೇ."

ಅಮ್ಮನ ಕೈ ನಿಂತುಹೋಯಿತು. "ಹೆಣ್ಮಗೂನಾ?" ಅಂದಳು. ಮಾವ ತಲೆಯಾಡಿಸಿದರು. ನನಗೆ ಒಂದೂ ಅರ್ಥವಾಗಲಿಲ್ಲ. "ಏನು ಅದಕ್ಕೇ? ಏನಮ್ಮಾ?" ಅಂತ ಕೇಳಿದೆ.

ಅಮ್ಮ ಸೊಪ್ಪಿನ ಕಡೆ ನೋಡಿಕೊಂಡೇ ಹೇಳಿದಳು. "ಓದು ಹತ್ತಲಿಲ್ಲ ಅಂತಿದ್ನಲ್ಲ ನಿಂಗೆ, ಅದು ಸುಳ್ಳು ಕಣೇ. ಏಳನೇ ಕ್ಲಾಸಲ್ಲಿ ಇಡೀ ಸ್ಕೂಲಿಗೆ ನಾನೇ ಮೊದಲು. ಇಲ್ಲೇ ಮಧುರೆ ಹೋಬಳಿಯ ನಮ್ಮೂರಿಂದ ಮೊದಲ್ನೇ ದಿನ ಹೈಸ್ಕೂಲಿಗೆ ನಡ್ಕೊಂಡು ಹೋದ್ವಿ, ನಾನೂ ಅಣ್ಣನೂ. ಅಣ್ಣ ಹತ್ತನೇ ಕ್ಲಾಸು. ನಂಗೆ ಮಧ್ಯಾಹ್ನದ ಹೊತ್ತಿಗೆ ತಡ್ಕೊಳೋಕೆ ಆಗ್ಲಿಲ್ಲ. ಕಕ್ಕಸು ಎಲ್ಲಿದೆ ಅಂತ ಗೊತ್ತಿಲ್ಲ, ಮೇಷ್ಟ್ರನ್ನ ಕೇಳೋಕೆ ನಾಚಿಕೆ. ಅಣ್ಣನ್ನ ಕೇಳೋಣ ಅಂತ ಅವನ ಕ್ಲಾಸಿನ ಬಾಗಿಲಿಗೆ ಹೋದೆ. ಹುಡುಗ್ರೆಲ್ಲ ನನ್ನ ತೇಪೆ ಲಂಗ ನೋಡಿ ನಕ್ರು. ಯಾರೋ ನಿನ್ನ ಹುಡುಕ್ಕೊಂಡು ಬಂದವಳೆ ಕಣೋ ಅಂದ್ರು. ಅಣ್ಣ ನನ್ನ ನೋಡ್ದ. ನೋಡ್ಬಿಟ್ಟು, ಇವಳ್ಯಾರೋ ನಂಗೊತ್ತಿಲ್ಲ ಅಂದ."

ಮಾವ ಒಂದು ದಂಟು ತಗೊಂಡು ಎಲೆ ಬಿಡಿಸತೊಡಗಿದರು.

"ಮನೆಗೆ ಬರೋ ದಾರೀಲಿ ಲಂಗ ಒದ್ದೆ ಆಯ್ತು. ಮಾರನೇ ದಿನ ನಾನು ಹೋಗಲ್ಲ ಅಂದೆ. ಯಾಕೆ ಅಂತ ಅಪ್ಪ ಕೇಳಿದ್ರು, ಹೇಳ್ಲಿಲ್ಲ. ಅಣ್ಣನೂ ಹೇಳ್ಲಿಲ್ಲ."

ನಲವತ್ನಾಲ್ಕು ವರ್ಷದ ಹಿಂದಿನ ಮಾತು ಅದು. ಎಂಟನೇ ವಿಭಾಗವನ್ನು ಮಾವ ಯಾಕೆ ತಾವೇ ಇಟ್ಟುಕೊಂಡರು ಅಂತ ಆಗ ತಿಳಿಯಿತು. ಕೊರಳ ದಾರ ನೋಡಿ ಇಷ್ಟು ವರ್ಷ ನಕ್ಕಿದ್ದೆನಲ್ಲ, ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಬೆಳಿಗ್ಗೆ ಗೇಟಿನಲ್ಲಿ "ಮಿಸ್..." ಅಂದ ಮಗುವಿನ ಪೂರ್ತಿ ಮಾತು ಕೇಳದೆ ಗುಲಾಬಿ ಕೊಟ್ಟು ಕಳಿಸಿದವಳೂ ನಾನೇ.

"ನನ್ನ ಮುಖ ನೋಡಿದ್ರೆ ಆ ಮಗು ಬರಲ್ಲ ಪುಟ್ಟೀ. ನೀನು ಬಾ" ಅಂದರು ಮಾವ.

ಅಮ್ಮ ಸೊಪ್ಪನ್ನು ಪಕ್ಕಕ್ಕೆ ಸರಿಸಿ ಎದ್ದಳು. ಸೀರೆ ಕೂಡ ಬದಲಾಯಿಸಲಿಲ್ಲ. ಮಾವನ ಟಿ.ವಿ.ಎಸ್. ಹಿಂದೆ ಅಮ್ಮ, ನನ್ನ ಸ್ಕೂಟರಿನಲ್ಲಿ ನಾನು, ಚಂದನಳ ಊರಿಗೆ ಹೋದೆವು. ಹುಡುಗಿ ಒಳಗೆ ಮುದುರಿಕೊಂಡು ಕೂತಿದ್ದಳು. ಅಮ್ಮ ಒಬ್ಬಳೇ ಒಳಗೆ ಹೋದಳು. ಏನು ಮಾತಾಡಿದಳೋ ನನಗೆ ಗೊತ್ತಿಲ್ಲ. ಅರ್ಧ ಗಂಟೆ ಆದಮೇಲೆ ಹೊರಗೆ ಬಂದು, "ನಾಳೆ ಬರ್ತಾಳೆ. ನಾನೂ ಜೊತೆಗೆ ಬರ್ತೀನಿ ಅಂತ ಮಾತು ಕೊಟ್ಟಿದೀನಿ" ಅಂದಳು. ಜಗಲಿಯಲ್ಲಿ ಕೂತಿದ್ದ ಮಾವ ಎದ್ದು ಟಿ.ವಿ.ಎಸ್. ಸ್ಟಾರ್ಟ್ ಮಾಡೋಕೆ ಹೋದರು. ಮೂರು ಸಲ ಒದ್ದರೂ ಅದು ಹೊತ್ತಿಕೊಳ್ಳಲಿಲ್ಲ.

ಮಾರನೇ ದಿನ ಅಮ್ಮ ಮೊದಲನೇ ಬಸ್ಸಿಗೆ ಆ ಊರಿಗೆ ಹೋದಳು. ನಾನು ಸ್ಕೂಲು ಮುಟ್ಟಿದಾಗ ಮಾವ ಆಗಲೇ ಗೇಟಿನಲ್ಲಿದ್ದರು. ಬೀರುವಿನ ಬೋರ್ಡುಗಳನ್ನೆಲ್ಲ ಕಿತ್ತಿದ್ದರು. ಹಳದಿ ಚೀಟಿಗಳ ಕಟ್ಟು ಗಂಗಮ್ಮನ ಒಲೆ ಸೇರಿತ್ತು. ಕೊರಳಲ್ಲಿ ದಾರ ಇರಲಿಲ್ಲ. ಶೌಚಾಲಯದ ಬೀಗ ತೆಗೆದು ಪ್ಯಾಂಟಿನ ಜೇಬಿಗೆ ಹಾಕಿಕೊಂಡಿದ್ದರು, ಜೇಬು ಒಂದು ಕಡೆ ಜೋತುಬಿದ್ದಿತ್ತು. ಪಿ.ಟಿ. ಮೇಷ್ಟ್ರು, "ಸಾರ್, ಹಂಗಾದ್ರೆ ನಂದು ಇನ್ಮೇಲೆ ಯಾವ ವಿಭಾಗ?" ಅಂತ ಕೇಳಿದರೂ ಮಾವ ರಸ್ತೆಯನ್ನೇ ನೋಡುತ್ತಾ ನಿಂತಿದ್ದರು.

ಒಂಬತ್ತೂ ಮುಕ್ಕಾಲಿಗೆ ಬಸ್ಸು ನಿಂತಿತು. ಅಮ್ಮ ಇಳಿದಳು, ಅವಳ ಕೈ ಹಿಡಿದುಕೊಂಡು ಚಂದನ ಇಳಿದಳು. ಇಬ್ಬರೂ ಕಾಲ್ಬೆರಳು ನೋಡಿಕೊಂಡು ಗೇಟಿನ ಹತ್ತಿರ ಬಂದರು. ಐವತ್ತೆಂಟು ವರ್ಷದ ನನ್ನ ಅಮ್ಮನೂ ಹಾಗೇ ಬಂದಳು ಅನ್ನೋದನ್ನ ನಾನು ಕಣ್ಣಾರೆ ನೋಡಿದೆ.

ಭಾಷಣವಿಲ್ಲದೆ ಬಾಯಿ ತೆರೆಯದ ಮಾವ ಬರೀ ಬಲಗೈ ಎತ್ತಿ, ಬೆರಳು ಚಾಚಿ, ಬೇವಿನ ಮರದ ಹಿಂದಕ್ಕೆ ತೋರಿಸಿದರು.

ಅಮ್ಮ ಆ ಬೆರಳನ್ನು ನೋಡಿದಳು, ಅಣ್ಣನ ಮುಖ ನೋಡಿದಳು.

"ಅವತ್ತು ಇಷ್ಟು ಮಾಡಿದ್ರೆ ಸಾಕಾಗಿತ್ತು ಕಣಣ್ಣಾ" ಅಂದಳು.

ಆಮೇಲೆ ಚಂದನಳ ಕೈ ಹಿಡಿದು ಆ ಕಡೆಗೆ ನಡೆದಳು. ಗಂಗಮ್ಮ ಪ್ರಾರ್ಥನೆಯ ಗಂಟೆ ಹೊಡೆದಳು. ಮಕ್ಕಳೆಲ್ಲ ಸಾಲು ನಿಂತರು. ಮೇಡಂ ಬಂದು "ಸಾರ್, ಪ್ರಾರ್ಥನೆಗೆ ಬನ್ನಿ" ಅಂದರು. ಅವರಿಬ್ಬರೂ ವಾಪಸ್ಸು ಬರೋವರೆಗೆ ಮಾವ ಎತ್ತಿದ ಕೈ ಇಳಿಸಲಿಲ್ಲ.